ಕೈಯಲ್ಲಿರುವುದು, ಕೈಮೀರಿದ್ದು: ಕಾಯಿಲೆಯ ದಿನಗಳಿಗೆ ಸ್ಟೋಯಿಕ್ ತತ್ತ್ವ

ಪುಣೆಯಲ್ಲಿ ಒಂದು ಸಂಜೆ ನಾನು ಔಷಧದಂಗಡಿಯ ಕೌಂಟರ್‌ನಲ್ಲಿದ್ದಾಗ ಐವತ್ತು ದಾಟಿದ ಗೃಹಸ್ಥರೊಬ್ಬರು ರಕ್ತಪರೀಕ್ಷೆಯ ರಿಪೋರ್ಟನ್ನು ಗಾಜಿನ ಮೇಲಿಟ್ಟರು. "ಮೂರು ತಿಂಗಳು ಬಾಯಿ ಕಟ್ಟೀನ್ರಿ. ಚಹಾದಾಗ ಸಕ್ಕರಿ ಬಿಟ್ಟೆ, ದಿನಾ ಮುಂಜಾನೆ ನಡದೆ. ಆದ್ರೂ ಏಳರ ಕೆಳಗ ಬರಲೇ ಇಲ್ಲ ನೋಡ್ರಿ. ಇನ್ನ ಈ ಗುಳಿಗಿ ತಗೊಂಡು ಏನ್ ಮಾಡೂದೈತಿ?" ಅಂದರು. ಕಳೆದ ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ಅಂಕಿ 8.9ರಿಂದ 8.1ಕ್ಕೆ ಇಳಿದಿತ್ತು. ನನಗೆ ಕಂಡದ್ದು ಅದು ಇಳಿದದ್ದು. ಅವರಿಗೆ ಕಂಡದ್ದು ಏಳು ಮುಟ್ಟದೇ ಹೋದದ್ದು.

ದೀರ್ಘಕಾಲದ ಕಾಯಿಲೆಯಲ್ಲಿ ಅನೇಕರು ಸೋಲುವುದು ಇಲ್ಲಿಯೇ. ಕಷ್ಟಪಟ್ಟು ಮಾಡಿದ ಕೆಲಸಕ್ಕೆ ದೇಹ ಕೊಟ್ಟ ಉತ್ತರ ಸಾಲದು ಅನ್ನಿಸಿದಾಗ, ಕೆಲಸವನ್ನೇ ಬಿಟ್ಟುಬಿಡುತ್ತಾರೆ. ನಾವು ಮಾಡುವುದು ಬೇರೆ, ನಮಗೆ ಸಿಗುವುದು ಬೇರೆ ಎಂಬ ಗೆರೆಯನ್ನು ಸ್ಪಷ್ಟವಾಗಿ ಎಳೆದು ತೋರಿಸಿದ ಹಳೆಯ ವಿಚಾರಧಾರೆಯೊಂದಿದೆ. ಅದೇ ಸ್ಟೋಯಿಕ್ ತತ್ತ್ವ. ರೋಗಿಗಳಿಗೂ ಅವರನ್ನು ನೋಡಿಕೊಳ್ಳುವವರಿಗೂ ಅದರಿಂದ ಏನು ಉಪಯೋಗ, ಎಲ್ಲಿ ಎಚ್ಚರ ಬೇಕು ಎಂಬುದನ್ನು ಈ ಲೇಖನ ವಿವರಿಸುತ್ತದೆ.

ಮುಖ್ಯಾಂಶಗಳು

• ನಮ್ಮ ತೀರ್ಮಾನ ಮತ್ತು ಪ್ರಯತ್ನ ನಮ್ಮ ಕೈಯಲ್ಲಿವೆ. ಫಲಿತಾಂಶ ಪೂರ್ತಿಯಾಗಿ ನಮ್ಮ ಕೈಯಲ್ಲಿಲ್ಲ.
• ಭಾವನೆಗಳನ್ನು ಹತ್ತಿಕ್ಕುವುದು, ನೋವನ್ನು ಮುಚ್ಚಿಡುವುದು ಸ್ಟೋಯಿಕ್ ತತ್ತ್ವವಲ್ಲ.
• ಇಂದಿನ ಮಾತಿನ ಚಿಕಿತ್ಸೆಗಳಲ್ಲಿ ಒಂದಾದ ಸಿಬಿಟಿಯ ಬೇರು ಈ ತತ್ತ್ವದಲ್ಲಿದೆ.
• ಇದು ಔಷಧಕ್ಕೆ ಬದಲಿಯಲ್ಲ. ಇದನ್ನು ಓದಿ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ.

ಸ್ಟೋಯಿಕ್ ತತ್ತ್ವ ಎಂದರೇನು?

ಕ್ರಿ.ಪೂ. 300ರ ಸುಮಾರಿಗೆ ಸೈಪ್ರಸ್ ದ್ವೀಪದ ಸಿಟಿಯಂ ಊರಿನ ಝೀನೋ ಎಂಬವನು ಗ್ರೀಸಿನ ಅಥೆನ್ಸ್ ನಗರದಲ್ಲಿ ಪಾಠ ಹೇಳಲು ಶುರುಮಾಡಿದ. ಅವನು ಮಾತಾಡುತ್ತಿದ್ದುದು ಚಿತ್ರಗಳಿದ್ದ ಒಂದು ಕಂಬಸಾಲಿನ ಮಂಟಪದಲ್ಲಿ. ಗ್ರೀಕ್ ಭಾಷೆಯಲ್ಲಿ ಅಂಥ ಮಂಟಪಕ್ಕೆ 'ಸ್ಟೋಆ' ಎಂದು ಹೆಸರು. ಅಲ್ಲಿ ಕಲಿತವರು ಸ್ಟೋಯಿಕರಾದರು. ಮುಂದೆ ಈ ವಿಚಾರ ರೋಮ್ ಸಾಮ್ರಾಜ್ಯಕ್ಕೆ ಹೋಗಿ ಅಲ್ಲಿ ಬಹಳ ಬೆಳೆಯಿತು.

ಇದರ ತಿರುಳು ಇಷ್ಟು: ಬದುಕಿನಲ್ಲಿ ನಿಜವಾಗಿ ಒಳ್ಳೆಯದು ಎಂದರೆ ಒಳ್ಳೆಯ ನಡತೆ. ಅದರಲ್ಲಿ ವಿವೇಕ, ನ್ಯಾಯ, ಧೈರ್ಯ, ಮಿತ ಎಂಬ ನಾಲ್ಕು ಗುಣಗಳಿವೆ. ಹಣ, ಹೆಸರು, ಆರೋಗ್ಯ ಇವೆಲ್ಲ ಬೇಕಾದವೇ. ಆದರೆ ಅವು ಬರಬಹುದು, ಹೋಗಬಹುದು. ಅವು ಹೋದಾಗ ಮನುಷ್ಯನ ಬೆಲೆ ಹೋಗುವುದಿಲ್ಲ.

'ಕರ್ಮ ಮಾಡು, ಫಲದ ಚಿಂತೆ ಬಿಡು' ಎಂಬ ಮಾತನ್ನು ಕೇಳಿ ಬೆಳೆದ ನಮಗೆ ಇದು ಹೊಸದೆನ್ನಿಸದು. ಎರಡರ ಹಿನ್ನೆಲೆ ಬೇರೆಯಾದರೂ ಹೋಲಿಕೆ ಇರುವುದು ನಿಜ. ಸ್ಟೋಯಿಕರ ವಿಶೇಷವೆಂದರೆ, ಇದನ್ನು ದಿನನಿತ್ಯ ಮಾಡಬಹುದಾದ ಸಣ್ಣ ಸಣ್ಣ ಅಭ್ಯಾಸಗಳಾಗಿ ಒಡೆದು ಕೊಟ್ಟದ್ದು.

ಇದನ್ನು ಹೇಳಿದವರಿಗೆ ಕಾಯಿಲೆಯ ಅನುಭವ ಇತ್ತೇ?

ಇತ್ತು. ಇಂದು ಹೆಚ್ಚು ಓದುವ ಮೂವರು ಸ್ಟೋಯಿಕರೂ ದೇಹದ ಕಷ್ಟ ಬಲ್ಲವರು.

ಎಪಿಕ್ಟೆಟಸ್ ಹುಟ್ಟಿದ್ದು ಕ್ರಿ.ಶ. 50ರ ಸುಮಾರಿಗೆ, ಇಂದಿನ ತುರ್ಕಿಯಲ್ಲಿರುವ ಹೀರಾಪೊಲಿಸ್‌ನಲ್ಲಿ. ಬಾಲ್ಯದಿಂದ ಗುಲಾಮ. ಒಂದು ಕಾಲು ಊನ. ಬಿಡುಗಡೆಯಾದ ಮೇಲೆ ರೋಮ್‌ನಲ್ಲಿ ಪಾಠ ಹೇಳಿದ. ಚಕ್ರವರ್ತಿ ಡೊಮಿಷಿಯನ್ ತತ್ತ್ವಜ್ಞಾನಿಗಳನ್ನು ಹೊರಹಾಕಿದಾಗ ಗ್ರೀಸಿನ ನಿಕೊಪೊಲಿಸ್‌ಗೆ ಹೋಗಿ ಶಾಲೆ ತೆರೆದ. ತಾನು ಏನೂ ಬರೆಯಲಿಲ್ಲ. ಶಿಷ್ಯ ಏರಿಯನ್ ಬರೆದಿಟ್ಟ ಪಾಠಗಳೇ ನಮಗೆ ಉಳಿದಿವೆ. ಅದರಲ್ಲಿ ಜ್ವರ ಬಂದವನು ಹೇಗಿರಬೇಕು ಎಂಬ ಪಾಠವೂ ಇದೆ. ವೈದ್ಯರು ಒಳಗೆ ಬರುವಾಗ ಏನು ಹೇಳಿಬಿಡುತ್ತಾರೋ ಎಂದು ನಡುಗದೆ, ವಾಸಿಯಾಗುತ್ತಿದೆ ಎಂದರೆ ಹಿಗ್ಗಿ ಮೈಮರೆಯದೆ ಇರುವುದೇ ಜ್ವರವನ್ನು ಚೆನ್ನಾಗಿ ನಿಭಾಯಿಸಿದಂತೆ ಎಂಬುದು ಅದರ ಸಾರಾಂಶ. ರಿಪೋರ್ಟ್ ಕೈಗೆ ಬರುವ ಮೊದಲಿನ ಆ ಹತ್ತು ನಿಮಿಷ ನೆನಪಿರುವವರಿಗೆ ಇದರ ಅರ್ಥ ಬೇಗ ಆಗುತ್ತದೆ.

ಸೆನೆಕ ಕ್ರಿ.ಶ. 65ರಲ್ಲಿ ತೀರಿಕೊಂಡ ರೋಮನ್ ಲೇಖಕ, ಚಕ್ರವರ್ತಿ ನೀರೋನ ಸಲಹೆಗಾರ. ಅವನಿಗೆ ಉಬ್ಬಸವಿತ್ತು ಎಂದು ಅವನ ಪತ್ರಗಳಿಂದ ತಿಳಿಯುತ್ತದೆ. ಗೆಳೆಯ ಲುಸಿಲಿಯಸ್‌ಗೆ ಬರೆದ 54ನೆಯ ಪತ್ರದಲ್ಲಿ ಉಸಿರು ಸಿಕ್ಕಿಕೊಳ್ಳುವ ಆ ಹೊತ್ತನ್ನು ಅವನು ವರ್ಣಿಸುತ್ತಾನೆ. 78ನೆಯ ಪತ್ರದಲ್ಲಿ ತನ್ನ ಯೌವನದ ಮಾತಿದೆ. ಬಿಡದ ನೆಗಡಿ, ಜ್ವರದಿಂದ ಸೊರಗಿ ಜೀವವೇ ಬೇಡ ಅನ್ನಿಸಿತ್ತಂತೆ. ವಯಸ್ಸಾದ ತಂದೆ ತನ್ನ ಸಾವನ್ನು ತಡೆದುಕೊಳ್ಳಲಾರರು ಎಂಬ ಯೋಚನೆ ಅವನನ್ನು ಉಳಿಸಿತು. ಚೇತರಿಕೆಗೆ ನೆರವಾದದ್ದು ಓದು ಮತ್ತು ಬಂದು ಜೊತೆ ಕುಳಿತ ಗೆಳೆಯರು ಎಂದೂ ಹೇಳುತ್ತಾನೆ. ಒಬ್ಬಂಟಿಯಾಗಿ ಹಲ್ಲು ಕಚ್ಚಿ ಸಹಿಸಿದೆ ಎಂದು ಅವನು ಹೇಳಿಲ್ಲ.

ಮಾರ್ಕಸ್ ಔರೇಲಿಯಸ್ ಕ್ರಿ.ಶ. 161ರಿಂದ 180ರವರೆಗೆ ರೋಮ್‌ನ ಚಕ್ರವರ್ತಿ. ಅವನ ಕಾಲದಲ್ಲಿ ದೊಡ್ಡ ಸಾಂಕ್ರಾಮಿಕ ರೋಗವೊಂದು ಸಾಮ್ರಾಜ್ಯವನ್ನೆಲ್ಲ ಕಾಡಿತು. ಅವನ ಮಕ್ಕಳಲ್ಲಿ ಹಲವರು ಚಿಕ್ಕಂದಿನಲ್ಲೇ ತೀರಿಕೊಂಡರು. ಫಾರ್ಮಸಿ ಓದಿದ ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಅವನ ಔಷಧ. ಅವನ ವೈದ್ಯ ಗೇಲನ್ 'ಥೀರಿಯಾಕ್' ಎಂಬ ಲೇಹ್ಯ ಮಾಡಿಕೊಡುತ್ತಿದ್ದ. ಹಾವಿನ ಮಾಂಸ, ಅಫೀಮು ಸೇರಿ ಅರವತ್ತಕ್ಕೂ ಹೆಚ್ಚು ಪದಾರ್ಥಗಳ ಮಿಶ್ರಣ ಅದು. ಹಗಲು ತೂಕಡಿಕೆ ಬರುತ್ತಿದೆ ಎಂದು ಅಫೀಮು ತೆಗೆಸಿದಾಗ ಚಕ್ರವರ್ತಿಗೆ ರಾತ್ರಿ ನಿದ್ದೆ ಬಾರದಾಯಿತು, ಮತ್ತೆ ಸೇರಿಸಬೇಕಾಯಿತು ಎಂದು ಗೇಲನ್ ಬರೆದಿದ್ದಾನೆ. ಆ ಲೇಹ್ಯವನ್ನು ಇಂದು ಯಾರೂ ಕೊಡುವುದಿಲ್ಲ, ಕೊಡಬಾರದು ಕೂಡ. ಆದರೆ ಒಂದು ಮಾತು ಗಮನಿಸಿ: ಮನಸ್ಸಿನ ಹಿಡಿತದ ಬಗ್ಗೆ ಅಷ್ಟು ಬರೆದ ಮನುಷ್ಯನೂ ವೈದ್ಯರನ್ನು ಕಂಡ, ಔಷಧ ತೆಗೆದುಕೊಂಡ, ಅಡ್ಡಪರಿಣಾಮವನ್ನು ಹೇಳಿಕೊಂಡ.

ಯಾವುದು ನಮ್ಮ ಕೈಯಲ್ಲಿದೆ?

ಇದು ಎಪಿಕ್ಟೆಟಸ್‌ನ ಮೊದಲ ಪಾಠ. ನಮ್ಮ ಅಭಿಪ್ರಾಯ, ನಮ್ಮ ಆಯ್ಕೆ, ನಮ್ಮ ಪ್ರಯತ್ನ ನಮ್ಮವು. ದೇಹ, ಆಸ್ತಿ, ಬೇರೆಯವರ ಮಾತು ಪೂರ್ತಿ ನಮ್ಮವಲ್ಲ. ಕಾಯಿಲೆಯ ಸಂದರ್ಭದಲ್ಲಿ ಇದನ್ನು ಹೀಗೆ ಬರೆದುಕೊಳ್ಳಬಹುದು.

ಮಧುಮೇಹ, ಬಿಪಿ ಇರುವವರಿಗೆ
• ಕೈಯಲ್ಲಿರುವುದು: ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳುವುದು, ಊಟ, ನಡಿಗೆ, ಪರೀಕ್ಷೆಯ ದಿನ ತಪ್ಪಿಸದಿರುವುದು, ಅಡ್ಡಪರಿಣಾಮವನ್ನು ವೈದ್ಯರಿಗೆ ಹೇಳುವುದು.
• ಕೈಮೀರಿದ್ದು: ವಂಶದಿಂದ ಬಂದದ್ದು, ವಯಸ್ಸು, ಈ ಸಲದ ರಿಪೋರ್ಟಿನಲ್ಲಿ ಬರುವ ನಿಖರ ಅಂಕಿ.

ಕ್ಯಾನ್ಸರ್‌ಗೆ ಕೀಮೋ ತೆಗೆದುಕೊಳ್ಳುತ್ತಿರುವವರಿಗೆ
• ಕೈಯಲ್ಲಿರುವುದು: ವಾಂತಿ ತಡೆಯುವ ಮಾತ್ರೆಯನ್ನು ಹೇಳಿದ ಹೊತ್ತಿಗೆ ತೆಗೆದುಕೊಳ್ಳುವುದು, ಜ್ವರ ಬಂದರೆ ಬೆಳಗಿನವರೆಗೆ ಕಾಯದೆ ತಕ್ಷಣ ಆಸ್ಪತ್ರೆಗೆ ಫೋನ್ ಮಾಡುವುದು, ಸಂದೇಹಗಳನ್ನು ಬರೆದುಕೊಂಡು ಹೋಗಿ ಕೇಳುವುದು.
• ಕೈಮೀರಿದ್ದು: ಗೆಡ್ಡೆ ಎಷ್ಟು ಕುಗ್ಗುತ್ತದೆ, ಕೂದಲು ಎಷ್ಟು ಉದುರುತ್ತದೆ, ನೋಡಿದವರು ಏನು ಅನ್ನುತ್ತಾರೆ.

'ಶುಗರ್ ಅಂಕಿ ಸ್ವಲ್ಪವಾದರೂ ನಮ್ಮ ಕೈಯಲ್ಲಿದೆಯಲ್ಲ?' ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಇದಕ್ಕೆ ಸ್ಟೋಯಿಕರು ಬಿಲ್ಲುಗಾರನ ಉದಾಹರಣೆ ಕೊಡುತ್ತಿದ್ದರು. ಬಿಲ್ಲುಗಾರ ಬಾಣವನ್ನು ಆರಿಸುತ್ತಾನೆ, ಗುರಿ ಹಿಡಿಯುತ್ತಾನೆ, ಹದವಾಗಿ ಎಳೆದು ಬಿಡುತ್ತಾನೆ. ಬಿಟ್ಟ ಮೇಲೆ ಗಾಳಿ ಬೀಸಬಹುದು, ಗುರಿಯೇ ಸರಿಯಬಹುದು. ಆದ್ದರಿಂದ ಅವನು ತನಗೆ ತಾನು ಹಾಕಿಕೊಳ್ಳಬೇಕಾದ ಲೆಕ್ಕ 'ಬಾಣ ನಾಟಿತೇ' ಎಂದಲ್ಲ, 'ಚೆನ್ನಾಗಿ ಬಿಟ್ಟೆನೇ' ಎಂದು. ಹಾಗೆಂದು ಗುರಿ ಬೇಡವೆಂದಲ್ಲ. ಗುರಿಯನ್ನು ನೋಡದೆ ಯಾರೂ ಚೆನ್ನಾಗಿ ಬಾಣ ಬಿಡಲಾರರು.

ಮಾತ್ರೆಯ ವಿಷಯದಲ್ಲೂ ಇದೇ ಲೆಕ್ಕ. ಈ ತಿಂಗಳು ಮೂವತ್ತರಲ್ಲಿ ಎಷ್ಟು ದಿನ ತಪ್ಪದೆ ತೆಗೆದುಕೊಂಡೆ ಎಂಬುದು ನಿಮ್ಮ ಬಾಣ. ಅಂಕಿ ಗುರಿ. ಬಾಣ ಚೆನ್ನಾಗಿ ಬಿಟ್ಟರೂ ಗುರಿ ತಪ್ಪುತ್ತಿದ್ದರೆ ಬದಲಾಗಬೇಕಾದದ್ದು ಔಷಧದ ಪ್ರಮಾಣವೋ ಬಗೆಯೋ ಇರಬಹುದು. ಅದನ್ನು ನೋಡುವುದು ವೈದ್ಯರ ಕೆಲಸ. ನೀವು ಸೋತಿರಿ ಎಂದು ಅದರ ಅರ್ಥವಲ್ಲ.

ನಡೆದದ್ದು ಬೇರೆ, ಅಂದುಕೊಂಡದ್ದು ಬೇರೆ

ಸ್ಟೋಯಿಕರ ಎರಡನೆಯ ಪಾಠ ಇದು. ನಮ್ಮನ್ನು ಕಂಗೆಡಿಸುವುದರಲ್ಲಿ ಘಟನೆಯಷ್ಟೇ ಅಲ್ಲ, ಆ ಘಟನೆಗೆ ನಾವು ಕೊಡುವ ಅರ್ಥದ ಪಾಲು ದೊಡ್ಡದು ಎನ್ನುತ್ತಾರೆ ಅವರು. ಅಮೆರಿಕದ ಮನೋವಿಜ್ಞಾನಿ ಆಲ್ಬರ್ಟ್ ಎಲ್ಲಿಸ್ 1950ರ ದಶಕದಲ್ಲಿ, ಮನೋವೈದ್ಯ ಏರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ ಚಿಕಿತ್ಸೆಗಳ ಹಿಂದೆ ಇದೇ ಯೋಚನೆ ಇದೆ. ಖಿನ್ನತೆಯ ಚಿಕಿತ್ಸೆ ಕುರಿತು ಬೆಕ್ ಮತ್ತು ಜೊತೆಗಾರರು 1979ರಲ್ಲಿ ತಂದ ಪುಸ್ತಕ ತನ್ನ ತಾತ್ತ್ವಿಕ ಮೂಲ ಸ್ಟೋಯಿಕರಲ್ಲಿದೆ ಎಂದು ಹೇಳುತ್ತದೆ. ಇಂದು ಸಿಬಿಟಿ ಎಂದು ಕರೆಯುವ ಈ ಚಿಕಿತ್ಸೆಯನ್ನು ಖಿನ್ನತೆ, ಆತಂಕ, ನಿದ್ರಾಹೀನತೆಗೆ ತರಬೇತಿ ಪಡೆದವರು ಕೊಡುತ್ತಾರೆ.

ಮನೆಯಲ್ಲಿ ಮಾಡಬಹುದಾದ ಸರಳ ಅಭ್ಯಾಸವೊಂದಿದೆ. ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆಯಿರಿ. ಕಿಡ್ನಿಯ ಪರೀಕ್ಷೆ ಮಾಡಿಸಿದವರೊಬ್ಬರು ಹೀಗೆ ಬರೆಯಬಹುದು:

1. ನಡೆದದ್ದು: ಕ್ರಿಯೇಟಿನಿನ್ ಹೋದ ಸಲಕ್ಕಿಂತ ಹೆಚ್ಚಿದೆ.
2. ಅಂದುಕೊಂಡದ್ದು: ಇನ್ನು ಡಯಾಲಿಸಿಸ್ಸೇ ಗತಿ. ಎಲ್ಲ ಮುಗಿಯಿತು.
3. ಖಚಿತವಾಗಿ ಗೊತ್ತಿರುವುದು: ಒಂದು ಅಂಕಿ ಹೆಚ್ಚಿದೆ. ಕಾರಣ ಇನ್ನೂ ಗೊತ್ತಿಲ್ಲ.
4. ಈಗ ಮಾಡಬಹುದಾದದ್ದು: ವೈದ್ಯರನ್ನು ಕಾಣುವುದು. ತೆಗೆದುಕೊಳ್ಳುವ ಎಲ್ಲ ಮಾತ್ರೆಗಳನ್ನೂ, ಕಷಾಯ-ಚೂರ್ಣಗಳನ್ನೂ ಸೇರಿಸಿ, ತೋರಿಸುವುದು. ಕೇಳದೆ ನೋವಿನ ಮಾತ್ರೆ ಕೊಳ್ಳದಿರುವುದು. ಕೆಲವು ನೋವಿನ ಮಾತ್ರೆಗಳು ಕಿಡ್ನಿಗೆ ತೊಂದರೆ ಮಾಡುತ್ತವೆ.

ಎರಡನೆಯ ಸಾಲು ಸುಳ್ಳೆಂದು ಹೇಳುವುದು ಇದರ ಉದ್ದೇಶವಲ್ಲ. ಮೂರನೆಯ ಸಾಲು ಮತ್ತು ಎರಡನೆಯ ಸಾಲಿನ ನಡುವೆ ಎಷ್ಟು ದೂರವಿದೆ ಎಂದು ಕಣ್ಣಾರೆ ಕಂಡರೆ ನಾಲ್ಕನೆಯ ಸಾಲು ಬರೆಯುವ ಶಕ್ತಿ ಬರುತ್ತದೆ.

ದಿನಕ್ಕೆ ಹತ್ತು ನಿಮಿಷದ ಅಭ್ಯಾಸ

ಬೆಳಿಗ್ಗೆ: ಇಂದು ಏನೆಲ್ಲ ಅಡ್ಡಿ ಬರಬಹುದು ಎಂದು ಮೊದಲೇ ನೆನೆದುಕೊಳ್ಳಿ. ಆಸ್ಪತ್ರೆಯಲ್ಲಿ ಟೋಕನ್ ತಡವಾಗಬಹುದು. ಇನ್ಶೂರೆನ್ಸ್‌ನವರು ಇನ್ನೊಂದು ಕಾಗದ ಕೇಳಬಹುದು. ಅಪ್ಪ ಇಂದು ಊಟ ಬೇಡ ಎನ್ನಬಹುದು. ಹಾಗಾದರೆ ನಾನು ಏನು ಮಾಡುತ್ತೇನೆ? ಎದುರುನೋಡಿದ ಅಡ್ಡಿ ಬಂದಾಗ ಸಿಟ್ಟು ಸ್ವಲ್ಪ ಕಡಿಮೆ ಬರುತ್ತದೆ. ಆದರೆ ಆತಂಕದ ಕಾಯಿಲೆ ಇರುವವರಿಗೆ ಕೆಟ್ಟದ್ದನ್ನು ನೆನೆಯುವುದೇ ಕಾಯಿಲೆಯನ್ನು ಕೆರಳಿಸಬಹುದು. ಅಂಥವರು ಈ ಅಭ್ಯಾಸ ಬಿಡಿ.

ಹಗಲು: ಯೋಜನೆ ಹಾಕುವಾಗ 'ಎಲ್ಲ ಕೂಡಿಬಂದರೆ' ಎಂಬ ಮಾತು ಸೇರಿಸಿಕೊಳ್ಳಿ. 'ಎಲ್ಲ ಕೂಡಿಬಂದರೆ ಬರುವ ತಿಂಗಳು ಊರಿಗೆ ಹೋಗುತ್ತೇವೆ.' ಯೋಜನೆ ಗಟ್ಟಿಯಾಗಿಯೇ ಇರಲಿ, ಹಟ ಬೇಡ.

ರಾತ್ರಿ: ಸೆನೆಕ ದೀಪ ಆರಿಸಿ, ಹೆಂಡತಿ ಸುಮ್ಮನಾದ ಮೇಲೆ, ತನ್ನ ದಿನವನ್ನು ಮೊದಲಿನಿಂದ ನೆನೆದು ಪರೀಕ್ಷಿಸುತ್ತಿದ್ದನಂತೆ. ಮೂರು ಪ್ರಶ್ನೆ ಸಾಕು: ಇಂದು ಏನು ಸರಿಯಾಗಿ ಮಾಡಿದೆ? ಎಲ್ಲಿ ತಪ್ಪಿದೆ? ನಾಳೆ ಏನು ಬೇರೆ ರೀತಿ ಮಾಡಲಿ? ಉತ್ತರವನ್ನು ಗೆಳೆಯನಿಗೆ ಹೇಳುವಂತೆ ಹೇಳಿಕೊಳ್ಳಿ. ಸೆನೆಕ ತನ್ನನ್ನು ತಾನು ಬಯ್ದುಕೊಳ್ಳಲಿಲ್ಲ, ಕ್ಷಮಿಸಿ ಮುಂದೆ ಹೋಗುತ್ತಿದ್ದ.

ನೋಡಿಕೊಳ್ಳುವವರಿಗೆ ಒಂದು ಹಳೆಯ ಸಂಭಾಷಣೆ

ಏರಿಯನ್ ಬರೆದಿಟ್ಟ ಪಾಠಗಳಲ್ಲಿ ಒಂದು ಪ್ರಸಂಗ ನನ್ನನ್ನು ಬಹಳ ಕಾಡಿದೆ. ಅಧಿಕಾರಿಯೊಬ್ಬ ಎಪಿಕ್ಟೆಟಸ್‌ನ ಬಳಿ ಬರುತ್ತಾನೆ. ತನ್ನ ಪುಟ್ಟ ಮಗಳಿಗೆ ಕಾಯಿಲೆಯಾದಾಗ ನೋಡಲಾರದೆ ಮನೆ ಬಿಟ್ಟು ಹೋದೆ, ಮಗು ಚೇತರಿಸಿತು ಎಂದು ಸುದ್ದಿ ಬಂದ ಮೇಲೆಯೇ ಮರಳಿದೆ ಎನ್ನುತ್ತಾನೆ. ಮಗುವಿನ ಮೇಲಿನ ಪ್ರೀತಿಯಿಂದಲೇ ಹಾಗೆ ಮಾಡಿದೆ ಎಂಬುದು ಅವನ ನಂಬಿಕೆ.

ಎಪಿಕ್ಟೆಟಸ್ ಬಯ್ಯುವುದಿಲ್ಲ, ಪ್ರಶ್ನೆ ಕೇಳುತ್ತಾನೆ. ಮಗುವಿನ ತಾಯಿಗೆ ಪ್ರೀತಿ ಇಲ್ಲವೇ? ಸಾಕಿದ ದಾದಿಗೆ? ಅವರೂ ಹೀಗೆಯೇ ಹೋಗಿದ್ದರೆ ಮಗುವಿನ ಹತ್ತಿರ ಯಾರಿರುತ್ತಿದ್ದರು? ನಿನಗೆ ಕಾಯಿಲೆಯಾದಾಗ ನಿನ್ನವರೆಲ್ಲ ಇಂಥದೇ ಪ್ರೀತಿಯಿಂದ ನಿನ್ನನ್ನು ಒಬ್ಬನನ್ನೇ ಬಿಟ್ಟು ಹೋಗಲಿ ಎಂದು ಬಯಸುತ್ತೀಯಾ? ಹೀಗೆ ಮಾತಾಡುತ್ತ ಆಡುತ್ತ ಅವನೇ ಕಂಡುಕೊಳ್ಳುತ್ತಾನೆ. ಅವನನ್ನು ಓಡಿಸಿದ್ದು ಪ್ರೀತಿಯಲ್ಲ, 'ನನ್ನಿಂದ ಆಗದು' ಎಂಬ ಅವನದೇ ತೀರ್ಮಾನ.

ಈ ಕಥೆಯನ್ನು ಯಾರ ಮೇಲೂ ಕಲ್ಲಿನಂತೆ ಎಸೆಯಬೇಡಿ. ಆಸ್ಪತ್ರೆಯ ವಾರ್ಡಿಗೆ ಬರಲು ಹೆದರುವ ಮಗ, ಫೋನಿನಲ್ಲೇ ಅತ್ತು ಮಾತು ಮುಗಿಸುವ ಅಕ್ಕ ಎಲ್ಲ ಮನೆಗಳಲ್ಲೂ ಇದ್ದಾರೆ. ಅವರಿಗೆ ಪ್ರೀತಿ ಕಡಿಮೆ ಎಂದಲ್ಲ. ಪ್ರೀತಿಗೆ ಮಾಡಲು ಒಂದು ಕೆಲಸ ಬೇಕು. 'ನೀನು ಧೈರ್ಯ ತಂದುಕೊ' ಎನ್ನುವುದಕ್ಕಿಂತ 'ಮಂಗಳವಾರ ನಾಲ್ಕರಿಂದ ಆರು ಅಮ್ಮನ ಜೊತೆ ಕೂತಿರು, ಐದಕ್ಕೆ ಈ ಮಾತ್ರೆ ಕೊಡು' ಎಂದರೆ ಎಷ್ಟೋ ಜನ ಬರುತ್ತಾರೆ.

ಹಗಲು-ರಾತ್ರಿ ಹತ್ತಿರವೇ ಇರುವವರಿಗೆ ಇನ್ನೊಂದು ಮಾತು. ಮುಂಬೈ, ದೆಹಲಿಯಂಥ ಊರುಗಳಲ್ಲಿ ಬಳಗವೆಲ್ಲ ದೂರ. ಇಡೀ ಭಾರ ಒಬ್ಬರ ಮೇಲೆ ಬೀಳುತ್ತದೆ. 'ನಾನು ಇನ್ನೂ ಮೊದಲೇ ಗುರುತಿಸಬೇಕಿತ್ತು' ಎಂಬ ಕೊರಗು ಅವರನ್ನು ತಿನ್ನುತ್ತದೆ. ನಿನ್ನೆ ನಿಮಗೆ ಗೊತ್ತಿದ್ದಷ್ಟರಲ್ಲಿ ನೀವು ತೀರ್ಮಾನ ಮಾಡಿದಿರಿ. ನಿನ್ನೆ ಎಂಬುದು ಈಗ ಕೈಮೀರಿದ್ದರ ಪಟ್ಟಿಯಲ್ಲಿದೆ. ಇಂದಿನ ಪಟ್ಟಿಯಲ್ಲಿ ನಿಮ್ಮ ನಿದ್ದೆ, ನಿಮ್ಮ ಊಟ, ನಿಮ್ಮದೇ ಬಿಪಿ ಮಾತ್ರೆ, ನೆರವು ಕೇಳುವುದು ಇವೂ ಇರಲಿ.

ಸಾಮಾನ್ಯ ತಪ್ಪು ತಿಳಿವಳಿಕೆಗಳು

ಔಷಧದ ಮಾಹಿತಿ ಹಾಳೆಗಳನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ. ಒಂದು ಪದ ತಪ್ಪಿದರೆ ಮಾತ್ರೆಯ ಲೆಕ್ಕ ತಪ್ಪುತ್ತದೆ. ಸ್ಟೋಯಿಕರ ಪದಗಳಿಗೂ ಹೀಗೇ ಆಗಿದೆ.

'ಭಾವನೆಯೇ ಇರಬಾರದು.' ಅವರ ಗುರಿಗೆ ಗ್ರೀಕಿನಲ್ಲಿ 'ಅಪಾಥೆಯಾ' ಎಂಬ ಪದವಿದೆ. ವಿವೇಕವನ್ನು ಕೊಚ್ಚಿಕೊಂಡು ಹೋಗುವ ಆವೇಶದಿಂದ ಬಿಡುಗಡೆ ಎಂದು ಅದರ ಅರ್ಥ, ಕಲ್ಲಾಗುವುದು ಎಂದಲ್ಲ. ರೋಮನ್ ಲೇಖಕ ಔಲಸ್ ಗೆಲಿಯಸ್ ಒಂದು ಸಮುದ್ರಯಾನದ ಕಥೆ ಹೇಳುತ್ತಾನೆ. ಬಿರುಗಾಳಿಗೆ ಸಿಕ್ಕ ಹಡಗಿನಲ್ಲಿ ಒಬ್ಬ ಸ್ಟೋಯಿಕ್ ಗುರುವಿನ ಮುಖವೂ ಬಿಳಿಚಿತ್ತು. ಆಮೇಲೆ ಕೇಳಿದಾಗ, ಆ ಮೊದಲ ನಡುಕ ಯಾರಿಗೂ ತಪ್ಪದು, ಅದಕ್ಕೆ ಮನಸ್ಸು ಹೂಂ ಎನ್ನುವುದು ಬಿಡುವುದಷ್ಟೇ ನಮ್ಮದು ಎಂದು ಗುರು ವಿವರಿಸಿದ. ಬಯಾಪ್ಸಿ ಎಂಬ ಮಾತು ಕೇಳಿ ಕೈ ತಣ್ಣಗಾದರೆ, ಕಣ್ಣೀರು ಬಂದರೆ ನೀವು ಹೇಡಿಯಲ್ಲ.

'ಆರೋಗ್ಯಕ್ಕೆ ಬೆಲೆಯಿಲ್ಲ ಎನ್ನುತ್ತಾರೆ.' ಇಲ್ಲ. ಆರೋಗ್ಯ ಆರಿಸಿಕೊಳ್ಳಲು ಯೋಗ್ಯವಾದದ್ದು ಎಂದೇ ಅವರು ಹೇಳಿದರು. ಅದು ಮನುಷ್ಯನ ಒಳ್ಳೆಯತನದ ಅಳತೆಗೋಲಲ್ಲ ಎಂದಷ್ಟೇ ಅವರ ವಾದ. ಶುಗರ್ ಹೆಚ್ಚಿದ್ದರೆ ಚಿಕಿತ್ಸೆ ಬೇಕು, ನಾಚಿಕೆ ಬೇಡ.

'ನೋವು ಸಹಿಸುವುದೇ ಶೌರ್ಯ.' ನೋವನ್ನು ಹೇಳದಿದ್ದರೆ ವೈದ್ಯರಿಗೆ ತಿಳಿಯುವುದು ಹೇಗೆ? ಸೊನ್ನೆಯಿಂದ ಹತ್ತರವರೆಗಿನ ಅಳತೆಯಲ್ಲಿ ಎಷ್ಟು ನೋವು ಎಂದು ಕೇಳಿದಾಗ ಇದ್ದಷ್ಟನ್ನೇ ಹೇಳಿ. ಸತ್ಯ ಹೇಳುವುದೂ ನಿಮ್ಮ ಕೈಯಲ್ಲಿರುವ ಕೆಲಸವೇ.

'ಮನಸ್ಸು ಗಟ್ಟಿ ಮಾಡಿಕೊಂಡರೆ ಖಿನ್ನತೆ ಹೋಗುತ್ತದೆ.' ಇದು ಎಲ್ಲಕ್ಕಿಂತ ಅಪಾಯದ ಮಾತು. ಖಿನ್ನತೆಯಲ್ಲಿ ಯೋಚಿಸುವ, ತೀರ್ಮಾನಿಸುವ ಶಕ್ತಿಯೇ ಕುಂದಿರುತ್ತದೆ. ಕಾಲು ಮುರಿದವರಿಗೆ ನಡೆಯಲು ಹೇಳಿದಂತೆ ಅದು. ಖಿನ್ನತೆಗೆ ಕೊಡುವ ಮಾತ್ರೆಗಳ ಪರಿಣಾಮ ಕಾಣಲು ಹಲವು ವಾರ ಬೇಕು. ಗುಣ ಕಂಡಿತೆಂದೋ ಕಾಣಲಿಲ್ಲವೆಂದೋ ಅವನ್ನು ತಟ್ಟನೆ ನಿಲ್ಲಿಸಬಾರದು.

ಯಾವಾಗ ವೈದ್ಯರ ನೆರವು ಬೇಕು?

• ಎರಡು ವಾರಕ್ಕಿಂತ ಹೆಚ್ಚು ದಿನ ಮನಸ್ಸು ಕುಗ್ಗಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ.
• ನಿದ್ದೆ, ಊಟ ಕೆಟ್ಟು ದಿನದ ಕೆಲಸ ಸಾಗದಿದ್ದರೆ.
• ಭಯದಿಂದ ಪರೀಕ್ಷೆ, ಚಿಕಿತ್ಸೆಯನ್ನೇ ತಪ್ಪಿಸುತ್ತಿದ್ದರೆ.
• ಬದುಕುವುದು ಬೇಡ ಎಂಬ ಯೋಚನೆ ಒಂದು ಸಲ ಬಂದರೂ.

ಕೊನೆಯದಕ್ಕೆ ಕಾಯಬೇಡಿ. ಹತ್ತಿರದವರಿಗೆ ಈಗಲೇ ಹೇಳಿ, ಒಬ್ಬರೇ ಇರಬೇಡಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆಯಲ್ಲಿ ಕನ್ನಡವೂ ಸೇರಿ ಹಲವು ಭಾಷೆಗಳಿವೆ. ನೀವಿರುವ ಊರಿನ ಭಾಷೆ ಬಾರದಿದ್ದರೂ ಚಿಂತೆಯಿಲ್ಲ. ತುರ್ತು ಅಪಾಯವಿದ್ದರೆ 112. ಸೆನೆಕನ ಪತ್ರಗಳಲ್ಲಿ ಸಾವಿನ ಮಾತು ಹೆಚ್ಚು. ಮನಸ್ಸು ಕುಗ್ಗಿರುವ ದಿನಗಳಲ್ಲಿ ಅವನ್ನು ಓದದಿರುವುದು ಒಳ್ಳೆಯದು.

ಇಂದೇ ಶುರುಮಾಡುವುದಾದರೆ

ಆ ಸಂಜೆ ನಾನು ತತ್ತ್ವ ಹೇಳಲಿಲ್ಲ. ರಿಪೋರ್ಟಿನ ಹಿಂದೆ ಪೆನ್ನಿನಿಂದ ಎರಡು ಅಂಕಿ ಬರೆದೆ, 8.9 ಮತ್ತು 8.1. "ಇದು ನೀವು ಮಾಡಿದ್ದು. ಉಳಿದದ್ದಕ್ಕೆ ಡಾಕ್ಟರನ್ನ ಕೇಳೋಣ. ಅಲ್ಲಿವರೆಗೆ ಗುಳಿಗಿ ಬಿಡಬ್ಯಾಡ್ರಿ" ಅಂದೆ. ಅವರು ಸ್ವಲ್ಪ ಹೊತ್ತು ಹಾಳೆ ನೋಡಿ, "ಹದಿನೈದು ದಿನದ್ದು ಕೊಡ್ರಿ" ಅಂದರು.

ನೀವೂ ಒಂದು ಹಾಳೆ ತೆಗೆದುಕೊಂಡು ನಡುವೆ ಗೆರೆ ಎಳೆಯಿರಿ. ಎಡಕ್ಕೆ ಕೈಯಲ್ಲಿರುವುದು, ಬಲಕ್ಕೆ ಕೈಮೀರಿದ್ದು. ಎಡಗಡೆಯಿಂದ ಇಂದು ರಾತ್ರಿಯೊಳಗೆ ಮಾಡಬಹುದಾದ ಒಂದನ್ನು ಆರಿಸಿ. ಬಲಗಡೆಯದನ್ನು ಅಳಿಸಬೇಕಿಲ್ಲ. ಅದರಲ್ಲಿ ಅರ್ಥವಾಗದ್ದನ್ನು ಮುಂದಿನ ಭೇಟಿಯಲ್ಲಿ ವೈದ್ಯರಿಗೆ ಕೇಳಲು ಗುರುತು ಹಾಕಿಡಿ.

ಗಮನಿಸಿ: ಈ ಲೇಖನ ಸಾಮಾನ್ಯ ಮಾಹಿತಿಗಾಗಿ ಮಾತ್ರ. ಔಷಧ ಶುರುಮಾಡುವ, ನಿಲ್ಲಿಸುವ, ಪ್ರಮಾಣ ಬದಲಿಸುವ ಮೊದಲು ನಿಮ್ಮ ವೈದ್ಯರನ್ನು ಕೇಳಿ.